ಚೆಂಡು ಹೂವಿನ ಕೇಸರಿ ಬಣ್ಣ ಮತ್ತು ಮೂರು ಸಾಫ್ಟ್‌ವೇರ್

ಮೊದಲೇ ಹೇಳಿಬಿಡುತ್ತೇನೆ, ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಲು ನಾನೀಗ ಬಳಸುತ್ತಿರುವ ಸಾಫ್ಟ್‌ವೇರ್ ಡಾರ್ಕ್‌ಟೇಬಲ್. ಬಿಡುವ ಯೋಚನೆಯೂ ಇಲ್ಲ. ಆದರೆ ಅದರ ಜೊತೆ ಮೂರು ವಾರ ಗುದ್ದಾಡಿದ್ದೇನೆ, ಇಲ್ಲಿ ಆ ಗುದ್ದಾಟದ ಮಾತೇ ಜಾಸ್ತಿ.

ತಿಂಗಳಿಗೆ ಎರಡು ಭಾನುವಾರ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತೇನೆ. ಮೇಲಿನ ಮಹಡಿಯಲ್ಲಿ ನಿಂತು ಕೆಳಗಿನ ಹೂವಿನ ರಾಶಿಗಳನ್ನು ತೆಗೆಯುತ್ತೇನೆ, ಆಮೇಲೆ ಇಳಿದು ಮಾರುವವರ ಹತ್ತಿರ ಹೋಗುತ್ತೇನೆ. ಮುನ್ನೂರು ನಾನೂರು ಫೋಟೋ, ಎಲ್ಲವೂ ರಾ ಫೈಲ್, ಅಂದರೆ ಸೆನ್ಸರ್ ಅಳೆದದ್ದನ್ನು ಕ್ಯಾಮೆರಾ ತಿದ್ದದೆ ಹಾಗೇ ಉಳಿಸಿದ ಫೈಲ್. ವರ್ಷಕ್ಕೆ ಒಂದೆರಡು ನೆಂಟರ ಮದುವೆ. ಇದರಿಂದ ನನಗೆ ಒಂದು ಪೈಸೆ ಬರುವುದಿಲ್ಲ, ಖರ್ಚು ಮಾತ್ರ.

ಶುರುವಿನಲ್ಲಿ ತೆಗೆದುಕೊಂಡಿದ್ದು ಚಂದಾ ಕಟ್ಟಿ ಬಳಸುವ ಸಾಫ್ಟ್‌ವೇರ್. ಹೆಸರು ಬೇಡ. ಕೆಲಸದಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಆಕಾಶ ಯಾವುದು, ಮುಖ ಯಾವುದು ಅಂತ ತಾನೇ ಗುರುತಿಸಿ ಆ ಭಾಗವನ್ನು ಮಾತ್ರ ತಿದ್ದುವ ಹಾಗೆ ಮಾಸ್ಕ್ ಹಾಕಿಕೊಡುತ್ತಿತ್ತು. ತೊಂದರೆ ಆಗಿದ್ದು ದುಡ್ಡಿನಲ್ಲಿ. ತಿಂಗಳ ಚಂದಾ ಅಂದುಕೊಂಡಿದ್ದು ವರ್ಷದ ಕರಾರಾಗಿತ್ತು, ಕಂತು ಮಾತ್ರ ತಿಂಗಳಿನದು. ಐದನೇ ತಿಂಗಳು ನಿಲ್ಲಿಸಲು ಹೋದರೆ ಉಳಿದ ತಿಂಗಳುಗಳ ಅರ್ಧ ಹಣ ಕೇಳಿದರು. ಕಟ್ಟಿದೆ. ಅಲ್ಲಿಗೆ ಹಳೆಯ ಫೋಟೋ ನೋಡಬಹುದು, ಜೆಪೆಗ್ ಮಾಡಿ ಹೊರಗೆ ತೆಗೆಯಬಹುದು, ಆದರೆ ಸ್ಲೈಡರ್ ಮುಟ್ಟುವ ಹಾಗಿಲ್ಲ. ಅಪ್ಪನ ಅರವತ್ತರ ಶಾಂತಿಯ ಫೋಟೋಗಳು ಅರ್ಧಕ್ಕೆ ನಿಂತವು. ನನಗೆ ಬೇಜಾರಾಗಿದ್ದು ಅದಕ್ಕೇ, ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ.

ಆಮೇಲೆ ಉಚಿತವಾದ ಎರಡನ್ನು, ರಾಥೆರಪಿ ಮತ್ತು ಡಾರ್ಕ್‌ಟೇಬಲ್, ಒಟ್ಟಿಗೇ ಹಾಕಿಕೊಂಡೆ, ಅದೇ ಫೋಟೋಗಳನ್ನು ಎರಡರಲ್ಲೂ ಮಾಡಿ ನೋಡಿದೆ.

ರಾಥೆರಪಿ ಮೊದಲ ದಿನವೇ ಒಗ್ಗಿತು. ಫೈಲ್ ಒಳಗೇ ಕ್ಯಾಮೆರಾ ಒಂದು ಪುಟ್ಟ ಜೆಪೆಗ್ ಇಟ್ಟಿರುತ್ತದೆ ಅಲ್ವಾ, ಅದನ್ನು ನೋಡಿ ಬೆಳಕು ನೆರಳನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ತೆರೆದ ಕೂಡಲೇ ಫೋಟೋ ಹೆಚ್ಚು ಕಡಿಮೆ ಕ್ಯಾಮೆರಾ ಪರದೆಯಲ್ಲಿ ಕಂಡ ಹಾಗೇ ಇರುತ್ತದೆ. ಸಣ್ಣ ಸಣ್ಣ ವಿವರ ತೆಗೆಯುವುದರಲ್ಲಿ ಬಹಳ ಚೆನ್ನಾಗಿದೆ, ಮಲ್ಲಿಗೆ ಮೊಗ್ಗಿನ ನಾರು ಕೂಡ ಕಾಣುತ್ತದೆ. ಶಾರ್ಪ್ ಮಾಡಿದ್ದು ಸರಿಯಾಗಿ ಕಾಣಬೇಕಾದರೆ ನೂರು ಪರ್ಸೆಂಟ್ ಜೂಮ್ ಮಾಡಲೇಬೇಕು, ಅದು ಅಭ್ಯಾಸ ಆಗುತ್ತದೆ. ಆದರೆ ಫೋಟೋದ ಒಂದು ಜಾಗವನ್ನು ಮಾತ್ರ ತಿದ್ದುವ ಸೌಲಭ್ಯ ಇದಕ್ಕೆ ಬಂದಿದ್ದೇ 2022ರ 5.9 ಆವೃತ್ತಿಯಲ್ಲಿ, ಅದು ನನ್ನ ಕೈಗೆ ಕೊನೆಗೂ ಹತ್ತಲಿಲ್ಲ.

ಡಾರ್ಕ್‌ಟೇಬಲ್ ಮೊದಲ ದಿನ ಭಯ ಹುಟ್ಟಿಸಿತು. ಫೋಟೋ ತೆರೆದರೆ ಸಪ್ಪೆ. ಕ್ಯಾಮೆರಾ ಪರದೆಯಲ್ಲಿ ಉರಿಯುತ್ತಿದ್ದ ಚೆಂಡು ಹೂವು ಇಲ್ಲಿ ತಿಳಿ ಗುಲಾಬಿ ಮಿಶ್ರಿತ ಕೇಸರಿ. ನಾನು ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸಿದೆ, ಇನ್ನೂ ಕೆಟ್ಟಿತು. ಹಾಗೂ ಹೀಗೂ ಒಂದು ಪ್ರಿಂಟ್ ತೆಗೆಸಿ, ಮಾರ್ಕೆಟ್ಟಿನಲ್ಲಿ ಹೂವು ಮಾರುವ ಅಮ್ಮನಿಗೆ ಕೊಟ್ಟೆ. ಅವರು ಬಲ್ಬಿನ ಕೆಳಗೆ ಹಿಡಿದು ನೋಡಿ, "ಏನಪ್ಪಾ, ನಿನ್ನೆ ಉಳಿದ ಹೂವಿನ ಥರ ಕಾಣ್ತೈತಲ್ಲ? ನಮ್ದು ಈಗ ತಾನೆ ಬಂದಿರೋ ಮಾಲು" ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ತಾಜಾ ಹೂವನ್ನು ನಾನು ಬಾಡಿಸಿಬಿಟ್ಟಿದ್ದೆ.

ಕಾರಣ ಎರಡು ಕಡೆ ಇತ್ತು. ಒಂದು, ನಾನು ಕ್ಲಿಕ್ ಮಾಡುವಾಗಲೇ ಮಾಡುತ್ತಿದ್ದ ತಪ್ಪು. ಸೆನ್ಸರಿನ ಒಂದೊಂದು ಚುಕ್ಕಿಯೂ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಹಳದಿ ಬಲ್ಬಿನ ಕೆಳಗಿರುವ ಕೇಸರಿ ಹೂವಿನಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ತುಂಬಿ ತುಳುಕುತ್ತದೆ. ಒಮ್ಮೆ ತುಳುಕಿದರೆ ಎಸಳು ಎಸಳಿನ ವ್ಯತ್ಯಾಸ ಹೋಯಿತು, ಯಾವ ಸಾಫ್ಟ್‌ವೇರ್ ತಂದರೂ ಅದು ಪೂರ್ತಿ ವಾಪಸ್ ಬರುವುದಿಲ್ಲ. ಈಗ ಮಾರ್ಕೆಟ್ಟಿನಲ್ಲಿ ಬೆಳಕನ್ನು ಮುಕ್ಕಾಲು ಸ್ಟಾಪ್ (ಬೆಳಕಿನ ಅಳತೆ) ಕಡಿಮೆ ಇಟ್ಟೇ ತೆಗೆಯುತ್ತೇನೆ. 14 ಬಿಟ್ ಫೈಲಿನಲ್ಲಿ ಬೆಳಕಿನ 16,384 ಮೆಟ್ಟಿಲುಗಳಿರುತ್ತವೆ, ಜೆಪೆಗ್ಗಿನಲ್ಲಿ ಬರೀ 256. ಕತ್ತಲೆಯಿಂದ ಸ್ವಲ್ಪ ಮೇಲೆತ್ತಿದರೆ ಹೆಚ್ಚೇನೂ ಕೆಡುವುದಿಲ್ಲ.

ಎರಡನೆಯದು ಡಾರ್ಕ್‌ಟೇಬಲ್ ಒಳಗೇ ಇತ್ತು. ಬೆಳಕನ್ನು ಪರದೆಗೆ ಹೊಂದಿಸಲು ಅದರಲ್ಲಿ ಸಿಗ್ಮಾಯ್ಡ್ ಅನ್ನುವ ಮಾಡ್ಯೂಲ್ ಇದೆ, 4.2 ಆವೃತ್ತಿಯಲ್ಲಿ ಬಂದಿದ್ದು. ಅದರೊಳಗೆ 'ಪ್ರಿಸರ್ವ್ ಹ್ಯೂ' ಅಂತ ಒಂದು ಸ್ಲೈಡರ್. ಹೆಸರು ನೋಡಿದರೆ ಪೂರ್ತಿ ಏರಿಸಿಡುವುದೇ ಒಳ್ಳೆಯದು ಅನಿಸುತ್ತದೆ, ಬಣ್ಣ ಉಳಿಸುತ್ತದೆ ತಾನೆ. ಆದರೆ ಬಹಳ ಬೆಳಗುವ ಕೇಸರಿ ನಮ್ಮ ಕಣ್ಣಿಗೆ ಸಹಜ ಅನಿಸಬೇಕಾದರೆ ಸ್ವಲ್ಪ ಹಳದಿ ಕಡೆ ವಾಲಬೇಕು. ವಾಲಲು ಬಿಡದಿದ್ದರೆ ಪೀಚ್ ಬಣ್ಣಕ್ಕೆ ತಿರುಗುತ್ತದೆ. ಆ ಸ್ಲೈಡರನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ ಕೂಡಲೇ ಹೂವಿಗೆ ಜೀವ ಬಂತು. ಇಷ್ಟು ಗೊತ್ತಾಗಲು ನನಗೆ ಮೂರು ವಾರ ಬೇಕಾಯಿತು, ದಿನಾ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಕೂರುತ್ತಿದ್ದೆ.

ಆದರೂ ನಾನು ರಾಥೆರಪಿಗೆ ಹಿಂದಿರುಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಪ್ಯಾರಾಮೆಟ್ರಿಕ್ ಮಾಸ್ಕ್ ಕಲಿತಿದ್ದೆ. ಕುಂಚ ಹಿಡಿದು ಬಳಿಯುವ ಕೆಲಸವೇ ಇಲ್ಲ. ಕೇಸರಿ ಬಣ್ಣ ಇರುವ ಕಡೆ ಮಾತ್ರ ಎಕ್ಸ್‌ಪೋಶರ್ ಇಳಿಸು ಅಂತ ಹೇಳಿದರೆ ರಾಶಿಯ ಪ್ರತಿಯೊಂದು ಹೂವನ್ನೂ ಹುಡುಕಿ ಇಳಿಸುತ್ತದೆ, ಪಕ್ಕದ ಸೇವಂತಿಗೆಯನ್ನು ಮುಟ್ಟುವುದಿಲ್ಲ. ಒಂದು ಫೋಟೋಗೆ ಮಾಡಿದ್ದನ್ನು ಕಾಪಿ ಮಾಡಿ, ಅದೇ ಬೆಳಕಿನ ನಲವತ್ತು ಫೋಟೋಗೆ ಅಂಟಿಸಿದರೆ ಮುಗಿಯಿತು. ಮದುವೆಯ ರೇಷ್ಮೆ ಸೀರೆಗೂ ಇದೇ ಉಪಾಯ.

ಎರಡೂ ನಿಮ್ಮ ಎಡಿಟನ್ನು ರಾ ಫೈಲಿನ ಪಕ್ಕದಲ್ಲೇ ಸಣ್ಣ ಫೈಲಾಗಿ ಇಡುತ್ತವೆ. ಡಾರ್ಕ್‌ಟೇಬಲ್ಲಿನದು ಎಕ್ಸ್‌ಎಂಪಿ, ರಾಥೆರಪಿಯದು ಪಿಪಿ3. ಹಾರ್ಡ್ ಡಿಸ್ಕಿಗೆ ಹಾಕುವಾಗ ಅದನ್ನೂ ಸೇರಿಸಿ ಹಾಕಿ. ಹೆಸರು ಬದಲಿಸುವುದಿದ್ದರೆ ಸಾಫ್ಟ್‌ವೇರ್ ಒಳಗೆ ಹಾಕುವ ಮೊದಲೇ ಬದಲಿಸಿ, ಇಲ್ಲದಿದ್ದರೆ ಜೋಡಿ ತಪ್ಪುತ್ತದೆ.

ಲ್ಯಾಪ್‌ಟಾಪ್ ವಿಷಯ. 8 ಜಿಬಿ ರ‍್ಯಾಮಿನಲ್ಲಿ ಡಾರ್ಕ್‌ಟೇಬಲ್ ಏದುಸಿರು ಬಿಡುತ್ತಿತ್ತು, ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳು ಕಾಳು ಚುಕ್ಕೆ) ತೆಗೆಯುವಾಗಂತೂ ಕಾದು ಕಾದು ಸಾಕಾಗುತ್ತಿತ್ತು. ಮಾರ್ಕೆಟ್ಟಿನಿಂದ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು, ಒಂದು ದಿನ ತಿಂಡಿ ಮುಗಿಸಿ, ಅಂಗಡಿ ಬಾಗಿಲು ತೆಗೆಯುವವರೆಗೂ ಕಾದು 16 ಜಿಬಿ ಮಾಡಿಸಿಕೊಂಡು ಬಂದೆ. ಡಾರ್ಕ್‌ಟೇಬಲ್ಲಿಗಾಗಿ ನನಗೆ ಒಟ್ಟು ಖರ್ಚಾಗಿದ್ದು ಅಷ್ಟೇ. ಚಂದಾ ನಿಲ್ಲಿಸಲು ಕೊಟ್ಟ ಹಣಕ್ಕಿಂತ ಕಡಿಮೆ.

ಮದುವೆ ಫೋಟೋ ತೆಗೆದೇ ಜೀವನ ಮಾಡುವವರಾದರೆ, ನಾಳೆ ಬೆಳಿಗ್ಗೆ ಸಾವಿರ ಫೋಟೋ ಕೊಡಬೇಕಾದರೆ, ಚಂದಾ ಕಟ್ಟಿ, ಕರಾರು ಪೂರ್ತಿ ಓದಿ ಕಟ್ಟಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಕಂಪ್ಯೂಟರ್ ಇದ್ದು, ಒಂದು ಭಾಗವನ್ನೇ ತಿದ್ದುವ ಗೋಜು ಬೇಡ ಅಂದರೆ ರಾಥೆರಪಿ ಸಾಕು. ನನ್ನ ಹಾಗೆ ಸಂಬಳದಲ್ಲಿ ಮಿಗಿಸಿ ಫೋಟೋ ತೆಗೆಯುವವರು, ರಾತ್ರಿ ಒಂದು ಗಂಟೆ ಕೂತು ಕಲಿಯುವ ತಾಳ್ಮೆ ಇರುವವರು ಡಾರ್ಕ್‌ಟೇಬಲ್ ಹಾಕಿಕೊಳ್ಳಿ.

ಎರಡನೇ ಪ್ರಿಂಟನ್ನು ಹೋದ ಭಾನುವಾರ ಆ ಅಮ್ಮನಿಗೆ ಕೊಟ್ಟೆ. ಈ ಸಲ ಅವರು ಫೋಟೋ ಪಕ್ಕದಲ್ಲಿ ಒಂದು ಹೂವು ಇಟ್ಟು ನೋಡಿದರು, ತಲೆಯಾಡಿಸಿದರು, ಗಿರಾಕಿ ಬಂದರು ಅಂತ ತಕ್ಕಡಿ ಎತ್ತಿಕೊಂಡರು.