ಬೈಬಲ್ ತಗೋಳೋಕೆ, ಹಳೇದು ಬೈಂಡಿಂಗ್ ಮಾಡ್ಸೋಕೆ ಬಳ್ಳಾರಿಯಾಗೆ ಒಳ್ಳೆ ಅಂಗಡಿ

ಕೌಲ್ ಬಜಾರ್ ಕಡೆ ಇರೋ ಈ ಅಂಗಡಿಗೆ ಐದು ಸ್ಟಾರ್ ಕೊಡ್ತಿದೀನಿ, ಯಾಕೆ ಅಂತ ಸ್ವಲ್ಪ ಉದ್ದ ಬರೀತೀನಿ, ಓದ್ರಿ. ಅಂಗಡಿ ಸಣ್ಣದು, ಇಬ್ರು ನಿಂತ್ರೆ ಮೂರನೆಯವ್ರು ಮೆಟ್ಟಿಲ ಮೇಲೆ ನಿಲ್ಬೇಕು, ಆದ್ರೆ ಸಾಮಾನು ಭರ್ತಿ ಐತೆ. ಕನ್ನಡ ಸತ್ಯವೇದ (ಅಂದ್ರೆ ಬೈಬಲ್ಲೇ), ತೆಲುಗು ಬೈಬಲ್ (ನಮ್ಮೂರಾಗೆ ಎರಡೂ ಬೇಕೇ ಬೇಕಲ್ಲ), ಹಾಡಿನ ಪುಸ್ತಕ, ಜಿಪ್ ಕವರ್, ಮಕ್ಕಳ ಚಿತ್ರದ ಕಥೆ ಪುಸ್ತಕ ಎಲ್ಲಾ ಸಿಗ್ತಾವೆ. ಕ್ಯಾಥೋಲಿಕ್‌ನೋರ 73 ಪುಸ್ತಕದ ಬೈಬಲ್ಲೂ ನಮ್ಮ ಪ್ರೊಟೆಸ್ಟೆಂಟ್‌ನೋರ 66 ಪುಸ್ತಕದ್ದೂ ಒಂದೇ ಸಾಲಲ್ಲಿ ಇಟ್ಟಾರೆ. ಒಳಗೆ ಕಾಲಿಟ್ಟ ಕೂಡ್ಲೆ ನಿಮ್ಮದು ಯಾವ ಸಭೆ (ಚರ್ಚು), ದೀಕ್ಷಾಸ್ನಾನ ಆಗೈತಾ ಅಂತ ವಿಚಾರಣೆ ಶುರು ಮಾಡಲ್ಲ, ಏನು ಬೇಕು ಅಷ್ಟೇ ಕೇಳ್ತಾರೆ.

ನಾನು ಹೋಗಿದ್ದು ನಮ್ಮ ಅಜ್ಜಿಯ ಸತ್ಯವೇದ ಬೈಂಡಿಂಗ್ ಮಾಡ್ಸೋಕೆ. ಆದಿಕಾಂಡದ ಮೊದಲ ಹಾಳೆಗಳು, ಕೊನೆಗೆ ಪ್ರಕಟನೆ ಹಾಳೆಗಳು ಕಿತ್ತು ಬಂದಿದ್ವು, ಕೀರ್ತನೆಗಳ ಕಡೆ ಅಂಚೆಲ್ಲ ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಬೇರೆ ಒಂದು ಕಡೆ ಮೊದಲು ಕೇಳಿದ್ದೆ, ಅವರು ಮಷಿನ್ನಿಗೆ ಹಾಕಿ ಮೂರು ಕಡೆ ಕಟ್ ಮಾಡಿ ಅಂಟು ಹಾಕಿ ಕೊಡ್ತೀವಿ ಅಂದ್ರು. ಇಲ್ಲಿ ಅಂಕಲ್ ಒಂದೊಂದೇ ಹಾಳೆ ತಿರುವಿ ನೋಡಿ, ಅಂಚಲ್ಲಿ ಅಜ್ಜಿ ಪೆನ್ಸಿಲ್ಲಲ್ಲಿ ಬರ್ದಿದ್ದು ತೋರ್ಸಿ, "ಕಟ್ ಮಾಡಿದ್ರೆ ಇದು ಹೋಗ್ತದಮ್ಮ, ನಾನು ಕಟ್ ಮಾಡಲ್ಲ" ಅಂದ್ರು. ಹಳೇ ದಾರ ಬಿಚ್ಚಿ ಕೈಯಿಂದಾನೇ ಹೊಲ್ದಾರೆ, ಅಂಟು ಎಷ್ಟು ಬೇಕೋ ಅಷ್ಟೇ, ಯಾಕಂದ್ರೆ ಆ ಕಾಗದ ತೆಳು, ಜಾಸ್ತಿ ಆದ್ರೆ ಅಕ್ಷರಕ್ಕೆ ಇಳೀತದಂತೆ. ರಟ್ಟಿಗೆ ಕಪ್ಪು ರೆಕ್ಸಿನ್ನು, ಕೆಂಪು ರಿಬ್ಬನ್ನು. ಈಗ ಎಲ್ಲಿ ತೆರೆದ್ರೂ ಅಗಲಕ್ಕೆ ಬಿಚ್ಕೊಂಡು ಮಲಗ್ತದೆ.

ಅವತ್ತು ವಾಪಸ್ ತಗೋಳೋಕೆ ಹೋದಾಗ ನಡೆದಿದ್ದು ಬರೀಲೇಬೇಕು. ಹಳ್ಳಿ ಕಡೆಯಿಂದ ಒಬ್ಬ ಅಕ್ಕ ಬಂದಿದ್ಲು, ಹಣೇಲಿ ಕುಂಕುಮ, ಕೈ ತುಂಬ ಹಸಿರು ಬಳೆ, ಒಂದು ಸತ್ಯವೇದ ಕೊಡ್ರಿ, ಅಕ್ಷರ ದೊಡ್ಡವು ಇರ್ಲಿ ಅಂದ್ಲು. ಪಕ್ಕದಲ್ಲಿದ್ದ ಬ್ರದರ್ ಒಬ್ರು ಅವಳಿಗೆ ಕೇಳಂಗೇ, ಮೊದ್ಲು ಅದನ್ನ ಒರೆಸ್ಕೊಂಡು ಆಮೇಲೆ ವಾಕ್ಯ ಮುಟ್ಟಬೇಕು ಅಂದ್ಬಿಟ್ರು. ಆಕೆ ಮುಖ ಬಾಡೋಯ್ತು. ಅಂಕಲ್ ಜಗಳಕ್ಕೆ ಹೋಗ್ಲಿಲ್ಲ, "ಬ್ರದರ್, ಆಕೆ ಕರ್ತನ ಮನೆ ಆಳು, ನಮ್ಮ ಮನೆ ಆಳಲ್ಲ, ಲೆಕ್ಕ ಆತ ಕೇಳ್ತಾನೆ" ಅಂದ್ರು ಅಷ್ಟೇ. ಆಮೇಲೆ ಆಕೆಗೆ ಸ್ಟೂಲು ಕೊಟ್ಟು ಕೂರ್ಸಿ, ಲೂಕನ ಸುವಾರ್ತೆಗೆ ರಿಬ್ಬನ್ ಇಟ್ಟು, "ಇಲ್ಲಿಂದ ಶುರು ಮಾಡವ್ವ" ಅಂದ್ರು.

ಕರ್ತನ ಆಳು ಅನ್ನೋ ಆ ಮಾತು ಬೈಬಲ್ಲಿನ ರೋಮಾಪುರದವರಿಗೆ ಬರೆದ ಪತ್ರಿಕೆ 14ನೇ ಅಧ್ಯಾಯದ್ದು, ಮನೆಗೆ ಬಂದು ಇಡೀ ಅಧ್ಯಾಯ ಓದಿದೆ. ಕ್ರಿ.ಶ. 57ರ ಸುಮಾರಿಗೆ ಅಪೊಸ್ತಲ ಪೌಲ ರೋಮಿನ ಸಭೆಯವ್ರಿಗೆ ಬರ್ದಿದ್ದು, ಅಲ್ಲೂ ಇದೇ ಗಲಾಟೆ, ಒಬ್ಬ ಎಲ್ಲಾ ತಿಂತಾನೆ, ಇನ್ನೊಬ್ಬ ಬರೀ ಕಾಯಿಪಲ್ಲೆ ತಿಂತಾನೆ, ಒಬ್ಬನಿಗೆ ಒಂದು ದಿನ ದೊಡ್ಡದು, ಇನ್ನೊಬ್ಬನಿಗೆ ಎಲ್ಲಾ ದಿನಾನೂ ಒಂದೇ. ತಿನ್ನೋನು ತಿನ್ನದವನನ್ನ ಹೀನಾಯ ಮಾಡಬಾರ್ದು, ತಿನ್ನದವನು ತಿನ್ನೋನಿಗೆ ತೀರ್ಪು ಮಾಡಬಾರ್ದು, ಅಂದ್ರೆ ಎರಡೂ ಕಡೆಯವ್ರಿಗೂ ಹೇಳ್ಯಾನೆ. 17ನೇ ವಚನದಾಗೆ ದೇವರ ರಾಜ್ಯ ಅಂದ್ರೆ ತಿನ್ನೋದು ಕುಡಿಯೋದಲ್ಲ, ನೀತಿ, ಸಮಾಧಾನ, ಪವಿತ್ರಾತ್ಮನ ಆನಂದ ಅಂತಾನೆ. ನೀತಿ ಅನ್ನೋದು ಮೊದಲು ಬಂದೈತೆ ನೋಡ್ರಿ, ಹಂಗಾಗಿ ಹೆಂಗ್ ಬೇಕಾದ್ರೂ ಬದುಕ್ರಿ ಅಂತ ಅರ್ಥ ಅಲ್ಲ. ಸಾಲ ತಗೊಂಡು ಎಗರಿಸೋನಿಗೆ, ಹೆಂಡ್ತಿಗೆ ಹೊಡ್ಯೋನಿಗೆ ಹೇಳಲೇಬೇಕು, ಕೊರಿಂಥ ಸಭೆಯವ್ರು ಪಾಪ ಸಹಿಸ್ಕೊಂಡು ಕೂತಾಗ ಪೌಲನೂ ಸುಮ್ನಿರ್ಲಿಲ್ಲ. ಆದ್ರೆ ಹೇಳೋ ದಾರಿ ಮತ್ತಾಯ 18ರಲ್ಲಿ ಯೇಸುವೇ ಹೇಳ್ಯಾನಲ್ಲ, ಮೊದ್ಲು ಅವನೊಬ್ಬನ ಹತ್ರಾನೇ ಹೋಗಿ ಮಾತಾಡು ಅಂತ. ನಮ್ಮಲ್ಲಿ ಅದು ಕೊನೆಗೆ. ಮೊದ್ಲು ಉಪವಾಸ ಪ್ರಾರ್ಥನೆಯಾಗೆ ಆ ಸಿಸ್ಟರ್‌ಗೋಸ್ಕರ ಭಾರದಿಂದ ಪ್ರಾರ್ಥನೆ ಮಾಡ್ರಿ ಅಂತ ಹೆಸರು ಹಿಡಿದು ಹೇಳ್ತಾರೆ, ಸಂಜೆಗೆ ಓಣಿಗೆಲ್ಲ ಗೊತ್ತಾಗಿರ್ತದೆ. ಇದರಿಂದ ಸಭೆ ಬಿಟ್ಟು ಹೋದವ್ರನ್ನ ನಾನು ಬಲ್ಲೆ, ಅವರು ವಾಪಸ್ ಬಂದಿಲ್ಲ, ನನಗೆ ಹೊಟ್ಟೆ ಉರೀತದೆ.

ಇನ್ನೊಂದು ವಿಷಯ, ಅಂಕಲ್ ಬಿಡುವಿದ್ರೆ ಊರಿನ ಹಳೇ ಕಥೆ ಹೇಳ್ತಾರೆ. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲ್ತು ಅನುವಾದಕ್ಕೆ ಕೂತಿದ್ದು, 1831ಕ್ಕೆ ಇಡೀ ಸತ್ಯವೇದ ಕನ್ನಡದಾಗೆ ಬಂದಿದ್ದು. ನಮ್ಮೂರಿನವ್ರಿಗೇ ಇದು ಗೊತ್ತಿಲ್ಲ, ಮಕ್ಕಳನ್ನ ಕರ್ಕೊಂಡು ಹೋಗಿ ಕೇಳಿಸ್ರಿ.

ಬೈಂಡಿಂಗ್ ಹೇಳಿದ ದಿನಕ್ಕೆ ಸಿಗಲ್ಲ, ಒಬ್ರೇ ಮಾಡೋದು, ಫೋನ್ ಮಾಡ್ಕೊಂಡು ಹೋಗ್ರಿ. ಭಾನುವಾರ ಬಂದ್, ಫೋನ್‌ಪೇ ನಡೀತದೆ, ಕಾರ್ ನಿಲ್ಸೋಕೆ ಜಾಗ ಇಲ್ಲ, ಆಟೋಲಿ ಹೋದ್ರೆ ಸಲೀಸು. ಅಂಕಲ್‌ಗೆ ಒಂದು ಮನವಿ, ದೊಡ್ಡಕ್ಷರದ ಪ್ರತಿ ಇನ್ನೂ ಜಾಸ್ತಿ ತರಿಸ್ರಿ, ಆ ಅಕ್ಕ ತಗೊಂಡಿದ್ದೇ ಕೊನೇದಾಗಿತ್ತು, ನಮ್ಮ ಅತ್ತೆಗೂ ಒಂದು ಬೇಕು.