ಒಪಿನೆಲ್ 8, ಮರದ ಹಿಡಿಯ ಚೂರಿ: ನಮ್ಮ ಮಳೆಗಾಲಕ್ಕೂ ಕಾರ್ಬನ್ ಸ್ಟೀಲೇ ಸರಿ

ಉಡುಪಿಯಲ್ಲಿ ಕೂತು ಕಾರ್ಬನ್ ಸ್ಟೀಲ್ ಚೂರಿ ಬಳಸುತ್ತೇನೆ ಅಂದರೆ ಎಲ್ಲರದ್ದೂ ಒಂದೇ ಪ್ರಶ್ನೆ, "ತುಕ್ಕು ಹಿಡಿಯುವುದಿಲ್ವಾ ಮಾರಾಯ್ರೆ?" ಎತ್ತಿಟ್ಟರೆ ಹಿಡಿಯುತ್ತದೆ. ದಿನಾ ಕೈಗೆ ಬಂದು, ಕೆಲಸ ಮುಗಿದ ಕೂಡಲೇ ಒರೆಸಿಕೊಂಡರೆ ಇಲ್ಲ. ಹಲವು ಮಳೆಗಾಲ ಕಂಡ ಮೇಲೆಯೇ ಈ ಮಾತು ಹೇಳುತ್ತಿರುವುದು.

ಇದು ಫ್ರಾನ್ಸಿನ ಸವೋಯ್ ಕಡೆಯ ಮಡಚುವ ಚೂರಿ. 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ್ದು. ಈಗಲೂ ಅಷ್ಟೇ ಸರಳ: ಬೀಚ್ ಮರದ ಹಿಡಿ, ಒಂದು ಅಲಗು, ಅಲಗು ಮಡಚಿಕೊಳ್ಳದ ಹಾಗೆ ತಿರುಗಿಸಿ ಬಿಗಿಯುವ ಒಂದು ಬಳೆ. ಬಳೆ ಸೇರಿದ್ದು 1955ರಲ್ಲಿ. 8ನೇ ನಂಬರಿನ ಅಲಗು 8.5 ಸೆಂ.ಮೀ., ಕಿಸೆಯಲ್ಲಿದ್ದರೆ ಭಾರವೇ ಗೊತ್ತಾಗುವುದಿಲ್ಲ.

ಅಲಗು ಬಹಳ ತೆಳು. ಮಾವಿನಹಣ್ಣಿನ ಸಿಪ್ಪೆ ತೆಗೆದು ನೋಡಿ, ತಿರುಳು ಒಂಚೂರೂ ಜಜ್ಜುವುದಿಲ್ಲ. ಹೊಸದರಲ್ಲಿ ಅಲಗು ಬೆಳ್ಳಗೆ ಹೊಳೆಯುತ್ತದೆ. ಮಾವಿನಕಾಯಿ, ಲಿಂಬೆ ಕೊಯ್ಯುತ್ತಾ ಹೋದ ಹಾಗೆ ಹುಳಿ ತಾಗಿ ಮೊದಲು ನೀಲಿ, ಆಮೇಲೆ ಬೂದು ಬಣ್ಣ ಕೂರುತ್ತದೆ. ನನ್ನದರಲ್ಲಿ ಮೊನೆಯ ಹತ್ತಿರ ಸೊನೆ ಇಳಿದ ಗೆರೆಗಳು ಇನ್ನೂ ಇವೆ, ನನಗೆ ಅವು ಬಹಳ ಇಷ್ಟ. ಇದನ್ನು ತುಕ್ಕು ಅಂತ ಉಜ್ಜಿ ತೆಗೆಯಬೇಡಿ. ಈ ಬಣ್ಣ ಕೂತ ಮೇಲೆ ಕೆಂಪು ತುಕ್ಕು ಸುಲಭಕ್ಕೆ ಹತ್ತುವುದಿಲ್ಲ. ಅಲ್ಲಿವರೆಗೆ ಹುಳಿ ಹಣ್ಣಿಗೆ ಸ್ವಲ್ಪ ಕಬ್ಬಿಣದ ವಾಸನೆ ಬರುತ್ತದೆ. ಮಟ್ಟುಗುಳ್ಳದ (ನಮ್ಮ ಕಡೆಯ ಬದನೆ) ಹೋಳು ಬೇಗ ಕಪ್ಪಾಗುತ್ತದೆ, ಕೊಯ್ದ ತಕ್ಷಣ ನೀರಿಗೆ ಹಾಕಿ.

ನಮ್ಮ ಕಡೆ ತುಕ್ಕಿಗಿಂತ ದೊಡ್ಡ ಸಂಗತಿ ಮರ ಉಬ್ಬುವುದು. ಜೂನ್ ಮಳೆ ಹಿಡಿದುಕೊಂಡರೆ ಮರ ಗಾಳಿಯ ನೀರು ಕುಡಿದು ಅಲಗನ್ನು ಕಚ್ಚಿಕೊಳ್ಳುತ್ತದೆ. ಆಗ ಉಗುರು ಹಾಕಿ ಎಳೆಯಬೇಡಿ, ಸುಮ್ನೆ ಉಗುರು ಹೋಗುತ್ತದೆ. ಸವೋಯ್‌ನವರದೇ ಒಂದು ಉಪಾಯ ಇದೆ: ಬಳೆ ಬಿಡಿಸಿ, ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಟಕ್ ಅಂತ ಕುಟ್ಟಿ, ಅಲಗಿನ ಮೊನೆ ತಾನಾಗಿ ಮೇಲೆ ಬರುತ್ತದೆ. ನಾನು ಮೇ ತಿಂಗಳಲ್ಲೇ, ಮರ ಚೆನ್ನಾಗಿ ಒಣಗಿರುವಾಗ, ಅಗಸೆ ಎಣ್ಣೆ ಹಚ್ಚುತ್ತೇನೆ. ಹೊರಮೈಗೆ ವಾರ್ನಿಷ್ ಇದೆ, ಹಾಗಾಗಿ ಅಲಗು ಕೂರುವ ಸೀಳಿನ ಒಳಗೆ ಹಚ್ಚುವುದೇ ಮುಖ್ಯ. ತೆಳುವಾಗಿ ಹಚ್ಚಿ, ಪೂರ್ತಿ ಒಣಗಲು ಬಿಡಬೇಕು. ತೆಂಗಿನೆಣ್ಣೆ ಅಲಗಿಗೆ ಸಾಕು, ಮರಕ್ಕೆ ಬೇಡ. ಅದು ಒಣಗುವುದೇ ಇಲ್ಲ.

ಹರಿತ ಮಾಡುವುದು ಸುಲಭ, ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರಾಯ್ತು. ಹಲಸಿಗೆ ಮಾತ್ರ ಮುಟ್ಟಿಸಬೇಡಿ. ಅಲಗಿನ ಮೇಣ ಎಣ್ಣೆಗೆ ಬಿಡುತ್ತದೆ, ಕೀಲಿನ ಒಳಗೆ ಹೊಕ್ಕಿದ್ದು ಬಿಡುವುದಿಲ್ಲ. ಅದಕ್ಕೆ ಮೆಟ್ಟುಕತ್ತಿ (ಈಳಿಗೆಮಣೆ) ಇದೆಯಲ್ಲ! ಚಿಪ್ಪಿನಿಂದ ಕಾಯಿ ಎಬ್ಬಿಸುವುದಕ್ಕೂ ಬೇಡ, ಅಷ್ಟು ತೆಳು ಅಲಗಿಗೆ ಅದು ಜಾಸ್ತಿಯಾಯಿತು.

ಮಲ್ಪೆ ಕಡೆ ಗಾಳ ಹಾಕಲು ಹೋಗುವವರು, ವಾರಗಟ್ಟಲೆ ಬ್ಯಾಗಿನಲ್ಲೇ ಬಿಡುವವರು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಹಿಡಿ, ಬಳೆ ಎಲ್ಲ ಅದೇ. ಉಳಿದವರು ಕಣ್ಣುಮುಚ್ಚಿ ಕಾರ್ಬನ್ ತೆಗೆದುಕೊಳ್ಳಬಹುದು. ಬಜ್ಪೆಯಲ್ಲಿ ವಿಮಾನ ಹತ್ತುವುದಿದ್ದರೆ ಕಿಸೆಯಿಂದ ತೆಗೆದು ಚೆಕ್-ಇನ್ ಬ್ಯಾಗಿಗೆ ಹಾಕಿಬಿಡಿ.