ಸೌರಶಕ್ತಿಯ ವೇಗಸೂಚಕ ಫಲಕ: ಕಡಲತೀರದ ಹಳ್ಳಿರಸ್ತೆಯಲ್ಲಿ ಅದು ಮಾಡುವುದೇನು, ಮಾಡದಿರುವುದೇನು

ಎದುರಿನಿಂದ ಬರುವ ವಾಹನದ ವೇಗವನ್ನು ಅಳೆದು, ಅದನ್ನು ದೊಡ್ಡ ಅಂಕಿಗಳಲ್ಲಿ ಚಾಲಕನಿಗೇ ತೋರಿಸುವ ರೇಡಾರ್ ಫಲಕವೊಂದನ್ನು ನಮ್ಮ ಹಳ್ಳಿಯ ಸಮಿತಿಯು ಸಮುದ್ರದ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿದೆ. ಅದರ ಆಯ್ಕೆ, ಅಳವಡಿಕೆ ಮತ್ತು ನಿರ್ವಹಣೆಯಲ್ಲಿ ನನಗೂ ಪಾಲಿದ್ದುದರಿಂದ, ಇಂಥದೇ ಫಲಕವನ್ನು ಕೊಳ್ಳಲು ಯೋಚಿಸುತ್ತಿರುವವರಿಗೆ ನೆರವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಲವು ತಯಾರಕರು ಇವನ್ನು ಹೆಚ್ಚುಕಡಿಮೆ ಒಂದೇ ಮಾದರಿಯಲ್ಲಿ ತಯಾರಿಸುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ವೇಗವನ್ನು ತಗ್ಗಿಸುವ ಸಾಧನವಾಗಿ ಇದು ಸಾಧಾರಣ, ವೇಗವನ್ನು ಅಳೆಯುವ ಸಾಧನವಾಗಿ ಅತ್ಯುತ್ತಮ. ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲನೆಯ ಕೆಲಸಕ್ಕೆಂದು ಹಣ ಕೊಟ್ಟು, ಎರಡನೆಯದು ಅದರೊಳಗೆ ಇದೆಯೆಂಬುದನ್ನೇ ಮರೆತುಬಿಡುತ್ತಾರೆ.

ಇಷ್ಟು ಶಾಂತವಾದ ಹಳ್ಳಿಗೆ ವೇಗ ನಿಯಂತ್ರಣವೇಕೆ ಎಂದು ಸಭೆಯಲ್ಲಿ ಕೇಳಿದವರಿದ್ದರು. ಪ್ರಶ್ನೆ ಸಹಜವಾದದ್ದೇ. ಉತ್ತರ ಮಾತ್ರ ಗಣಿತದಲ್ಲಿದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ, ಮತ್ತು ಅಪಾಯ ಕಣ್ಣಿಗೆ ಬಿದ್ದ ಮೇಲೆ ಕಾಲು ಬ್ರೇಕಿನ ಮೇಲೆ ಬರಲು ಎಚ್ಚರದ ಚಾಲಕನಿಗೂ ಒಂದು ಸೆಕೆಂಡಾದರೂ ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರಾದರೆ ಒಣ ಡಾಂಬರಿನ ಮೇಲೆ, ಆ ಒಂದು ಸೆಕೆಂಡನ್ನೂ ಸೇರಿಸಿ, ಹೆಚ್ಚುಕಡಿಮೆ ಅಷ್ಟೇ ದೂರದೊಳಗೆ ಪೂರ್ತಿಯಾಗಿ ನಿಂತಿರುತ್ತದೆ. ಅಂದರೆ ನಿಧಾನವಾಗಿ ಬಂದ ಕಾರು ನಿಂತ ಜಾಗದಲ್ಲಿ, ವೇಗವಾಗಿ ಬಂದ ಕಾರಿನ ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 50ರ ಹೊಡೆತದಲ್ಲಿ 30ರದಕ್ಕಿಂತ ಸುಮಾರು 2.8 ಪಟ್ಟು ಶಕ್ತಿ ಇರುತ್ತದೆ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಪ್ರಾಣಾಪಾಯದ ಅಪಘಾತಗಳ ಸಂಭವ ಶೇ. 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆಗಳಲ್ಲಿ ಗರಿಷ್ಠ ಮಿತಿ 30 ಕಿ.ಮೀ. ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಸೂಚಿಸಿದ್ದು ಇದೇ ಲೆಕ್ಕದ ಮೇಲೆ. ಗಾಳಿ ತಂದು ಹಾಸಿದ ಮರಳಿನ ಮೇಲೆ ಟೈರಿನ ಹಿಡಿತ ಇನ್ನೂ ಕಡಿಮೆಯಾದ್ದರಿಂದ ಕಡಲತೀರದಲ್ಲಿ ಈ ಅಂಕಿಗಳನ್ನು ಉದಾರ ಎಂದೇ ಭಾವಿಸಬೇಕು.

ಫಲಕದ ಒಳಗಿನ ತಂತ್ರ ಸರಳವಾಗಿದೆ. ಸುಮಾರು 24 ಗಿಗಾಹರ್ಟ್ಸ್ ಆವರ್ತನದ ಅಲೆಯನ್ನು ಅದು ರಸ್ತೆಯ ಕಡೆಗೆ ಬಿಡುತ್ತದೆ. ಹತ್ತಿರ ಬರುತ್ತಿರುವ ವಾಹನಕ್ಕೆ ತಗುಲಿ ಮರಳುವ ಅಲೆಯ ಆವರ್ತನ ತುಸು ಹೆಚ್ಚಿರುತ್ತದೆ, ಮತ್ತು ಆ ವ್ಯತ್ಯಾಸ ಗಂಟೆಗೆ ಪ್ರತಿ ಒಂದು ಕಿಲೋಮೀಟರಿಗೆ ಸುಮಾರು 45 ಹರ್ಟ್ಸ್‌ನಷ್ಟಿರುತ್ತದೆ. ಡಾಪ್ಲರ್ ಪರಿಣಾಮವೆಂದು ಶಾಲೆಯಲ್ಲಿ ಓದಿದ್ದು ಇದನ್ನೇ. ಕೊಳ್ಳುವವರು ನಿಜವಾಗಿ ತಿಳಿದಿರಬೇಕಾದದ್ದು ಕೋನದ ವಿಷಯ. ರೇಡಾರ್ ತನ್ನ ದೃಷ್ಟಿರೇಖೆಯ ಉದ್ದಕ್ಕೆ ಇರುವ ವೇಗವನ್ನಷ್ಟೇ ಕಾಣುತ್ತದೆ. ಕಂಬವನ್ನು ರಸ್ತೆಯಿಂದ ದೂರ ನೆಟ್ಟು ಫಲಕವನ್ನು 20 ಡಿಗ್ರಿ ಓರೆಯಾಗಿ ತಿರುಗಿಸಿದರೆ 50ರಲ್ಲಿ ಬರುವ ಕಾರನ್ನು ಅದು 47 ಎಂದು ತೋರಿಸುತ್ತದೆ. ನಮ್ಮಲ್ಲಿ ಅಳವಡಿಸಲು ಬಂದ ಕೆಲಸಗಾರರು ನೆರಳು ಸಿಗುತ್ತದೆಂದು ಮರದ ಬುಡದ ಬಳಿ ಕಂಬಕ್ಕೆ ಗುಂಡಿ ತೋಡಲು ಹೊರಟಿದ್ದರು. ಸೋಲಾರ್ ಫಲಕಕ್ಕೆ ನೆರಳು ಏಕೆ ಬೇಕೆಂದು ಕೇಳಬೇಕಾಯಿತು. ಕೈಪಿಡಿಯಲ್ಲಿ ಈ ಕೋನದ ಬಗ್ಗೆ ಒಂದೇ ಸಾಲು ಇದೆ, ಅದೂ ಕೊನೆಯ ಪುಟದಲ್ಲಿ. ಇದು ಉತ್ಪನ್ನದ ದೋಷವಲ್ಲದಿದ್ದರೂ ಮಾರಾಟಗಾರರ ಉದಾಸೀನ ಖಂಡಿತ.

ವಾಹನ ಚಾಲಕರ ಮೇಲೆ ಇದರ ಪರಿಣಾಮ ಆರಂಭದಲ್ಲಿ ಯಾರನ್ನಾದರೂ ಮೆಚ್ಚಿಸುವಂತಿತ್ತು. ತನ್ನ ವೇಗ ಕೆಂಪು ಅಂಕಿಯಲ್ಲಿ ಎಲ್ಲರಿಗೂ ಕಾಣುತ್ತಿದೆ ಎಂದಾಗ ಯಾರ ಕಾಲೂ ತಾನಾಗಿ ಬ್ರೇಕಿನ ಕಡೆಗೆ ಹೋಗುತ್ತದೆ. ಆದರೆ ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬ ಗಾದೆ ಇಲ್ಲಿಯೂ ಸುಳ್ಳಾಗಲಿಲ್ಲ. ದಿನವೂ ಅದೇ ದಾರಿಯಲ್ಲಿ ಓಡಾಡುವವರಿಗೆ ಫಲಕ ಕ್ರಮೇಣ ಬೀದಿದೀಪದಷ್ಟೇ ಮಾಮೂಲಾಯಿತು. ಇನ್ನೊಂದು ಮಿತಿಯೆಂದರೆ, ವೇಗ ಇಳಿಯುವುದು ಫಲಕದ ಎದುರಿಗೆ ಮಾತ್ರ. ಅದನ್ನು ದಾಟಿ ಕೆಲವು ನೂರು ಮೀಟರ್ ಹೋಗುವಷ್ಟರಲ್ಲಿ ವಾಹನಗಳು ಮತ್ತೆ ಹಳೆಯ ವೇಗಕ್ಕೇ ಬರುತ್ತವೆ. ಆದ್ದರಿಂದ ಒಂದೇ ಕಂಬಕ್ಕೆ ಶಾಶ್ವತವಾಗಿ ಬಿಗಿಯುವ ಮಾದರಿಗಿಂತ, ಹಲವು ಕಂಬಗಳ ನಡುವೆ ಸರದಿಯಂತೆ ವರ್ಗಾಯಿಸಬಹುದಾದ ಹಗುರ ಮಾದರಿಯೇ ಲೇಸು. ಅಂಕಿ ತೋರಿಸುವುದಕ್ಕೆ ಒಂದು ಮೇಲಿನ ಮಿತಿಯನ್ನೂ ಇಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ ಸಂಜೆ ಬೈಕಿನಲ್ಲಿ ಬರುವ ಹುಡುಗರು ಅದನ್ನು ಅಂಕಪಟ್ಟಿಯೆಂದು ಭಾವಿಸಿ ಪೈಪೋಟಿಗೆ ಇಳಿಯುತ್ತಾರೆ. ನಮ್ಮ ಫಲಕದಲ್ಲಿ ಈ ಸೌಲಭ್ಯವಿದೆ. ನಿಗದಿತ ವೇಗ ಮೀರಿದರೆ ಅಂಕಿ ಮಾಯವಾಗಿ ‘ನಿಧಾನ’ ಎಂಬ ಪದ ಮಾತ್ರ ಮಿನುಗುತ್ತದೆ.

ಈಗ ದಾಖಲೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ವಾಹನದ ವೇಗವನ್ನೂ ಹೊತ್ತನ್ನೂ ಫಲಕ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ, ಮತ್ತು ಪರದೆಯನ್ನು ಆರಿಸಿ ಅಳತೆಯನ್ನಷ್ಟೇ ನಡೆಸುವ ಗುಪ್ತ ಕ್ರಮವೂ ಇದೆ. ಫಲಕ ನೆಟ್ಟ ಕೂಡಲೇ ಅಂಕಿಗಳನ್ನು ಬೆಳಗಿಸುವ ಆಸೆಯನ್ನು ತಡೆದುಕೊಂಡು ಮೊದಲು ಈ ಗುಪ್ತ ಕ್ರಮದಲ್ಲೇ ನಡೆಸಬೇಕು. ಮೊದಲಿನ ಸ್ಥಿತಿ ದಾಖಲಾಗದಿದ್ದರೆ ನಂತರದ ಬದಲಾವಣೆಯನ್ನು ಯಾವುದರೊಂದಿಗೂ ಹೋಲಿಸಲಾಗುವುದಿಲ್ಲ. ದಾಖಲೆಯನ್ನು ಓದುವಾಗ ಸರಾಸರಿಯನ್ನು ನಂಬಬಾರದು. ನಮ್ಮ ರಸ್ತೆಯ ಸರಾಸರಿ ಮಿತಿಯೊಳಗೇ ಇತ್ತು, ಅದನ್ನು ನೋಡಿ ಕೆಲವರು ಸಮಸ್ಯೆಯೇ ಇಲ್ಲವೆಂದರು. ರಸ್ತೆ ಎಂಜಿನಿಯರುಗಳು ನೋಡುವುದು 85ನೇ ಪರ್ಸೆಂಟೈಲ್ ವೇಗವನ್ನು, ಅಂದರೆ ನೂರರಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದನ್ನು. ಅದನ್ನು ಗಂಟೆಗಂಟೆಗೆ ಬೇರ್ಪಡಿಸಿ ನೋಡಿದಾಗ ನಾವು ಊಹಿಸಿದ್ದಕ್ಕೆ ತದ್ವಿರುದ್ಧವಾದ ಚಿತ್ರ ಸಿಕ್ಕಿತು. ರಜಾದಿನದ ಮಧ್ಯಾಹ್ನ, ಪ್ರವಾಸಿಗರ ಕಾರುಗಳು ಇಕ್ಕೆಲಗಳಲ್ಲೂ ನಿಂತು ಎಲ್ಲರೂ ಗೊಣಗುವ ಹೊತ್ತಿನಲ್ಲಿ, ವಾಹನಗಳು ತೆವಳುತ್ತಿದ್ದವು. ವೇಗ ಮಿತಿ ಮೀರುತ್ತಿದ್ದುದು ಬೆಳಕು ಹರಿಯುವ ಮುನ್ನ ಮತ್ತು ರಾತ್ರಿ ಊಟದ ಹೊತ್ತಿನ ನಂತರ, ರಸ್ತೆ ಖಾಲಿಯಿದ್ದಾಗ. ಬೆಳಗಿನ ಆ ಹೊತ್ತು ಬಲೆ ಹೊತ್ತ ಮೀನುಗಾರರು ಮಸುಕಿನಲ್ಲಿ ರಸ್ತೆ ದಾಟಿ ದೋಣಿಗಳತ್ತ ಹೋಗುವ ಹೊತ್ತೂ ಹೌದು. ದಟ್ಟಣೆಯೇ ವೇಗಕ್ಕೆ ಕಡಿವಾಣ ಹಾಕುವಾಗ, ಶಾಂತ ರಸ್ತೆಗೆ ಅಂಥ ಯಾವ ಕಡಿವಾಣವೂ ಇರುವುದಿಲ್ಲ. ನೇರವಾದ, ಅಗಲವಾದ, ಎದುರಿಗೆ ಯಾರೂ ಇಲ್ಲದ ರಸ್ತೆ ಯಾರನ್ನೇ ಆಗಲಿ ವೇಗಕ್ಕೆ ಎಳೆಯುತ್ತದೆ. ಪ್ರವಾಸಿಗರನ್ನು ದೂರುತ್ತಿದ್ದ ಸಭೆ ಈ ಪಟ್ಟಿಯನ್ನು ಕಂಡ ಮೇಲೆ ದಾಟುವ ಜಾಗದ ಬಗ್ಗೆ ಮಾತಾಡತೊಡಗಿತು. ಕೊಟ್ಟ ಹಣ ಸಾರ್ಥಕವಾದದ್ದು ನನ್ನ ದೃಷ್ಟಿಯಲ್ಲಿ ಅಲ್ಲಿಯೇ.

ಬಾಳಿಕೆಯ ವಿಷಯದಲ್ಲಿ ಮಾರಾಟದ ಕರಪತ್ರವನ್ನು ಎಚ್ಚರದಿಂದ ಓದಬೇಕು. ಪೆಟ್ಟಿಗೆಗೆ ಐಪಿ 65 ದರ್ಜೆ ಇದೆಯೆಂದು ದೊಡ್ಡ ಅಕ್ಷರದಲ್ಲಿ ಹೇಳುತ್ತಾರೆ. ಅದು ಧೂಳೂ ನೀರಿನ ಚಿಮ್ಮುಗೆಯೂ ಒಳಗೆ ಹೋಗುವುದಿಲ್ಲ ಎಂಬುದರ ಭರವಸೆಯೇ ಹೊರತು ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದರದ್ದಲ್ಲ. ನಮ್ಮ ಫಲಕದ ಪೆಟ್ಟಿಗೆ ಅಲ್ಯೂಮಿನಿಯಮ್ಮಿನದು, ಅದಕ್ಕೆ ಏನೂ ಆಗಿಲ್ಲ. ಆದರೆ ಅದನ್ನು ಕಂಬಕ್ಕೆ ಹಿಡಿದಿದ್ದ ಸಾಮಾನ್ಯ ಉಕ್ಕಿನ ಬೋಲ್ಟುಗಳಿಂದ ಕಂದುಬಣ್ಣದ ಗೆರೆಗಳು ಕೆಳಗಿಳಿಯತೊಡಗಿದವು, ಸ್ಪ್ಯಾನರ್ ಇಟ್ಟರೆ ನಟ್ಟಿನ ಅಂಚು ಪುಡಿಯಾಗಿ ಉದುರುತ್ತಿತ್ತು. ಅಲ್ಲದೆ, ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನ ತೇವದಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅವುಗಳಲ್ಲಿ ಒಂದು ಬೇಗ ಸವೆಯುತ್ತದೆ. ಮಾಲಿಬ್ಡಿನಮ್ ಬೆರೆತ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟುಗಳನ್ನು, ನಡುವೆ ಪ್ಲಾಸ್ಟಿಕ್ ವಾಷರುಗಳೊಂದಿಗೆ, ಮೊದಲೇ ಕೇಳಿ ಪಡೆಯುವುದು ಜಾಣತನ. ಅಡುಗೆಮನೆಯ ಪಾತ್ರೆಗಳಿಗೆ ಬಳಸುವ 304 ದರ್ಜೆ ಕಡಲ ಗಾಳಿಗೆ ಸಾಲದು. ಸೋಲಾರ್ ಪ್ಯಾನಲ್ಲಿನ ಮೇಲೆ ಕೂರುವ ಉಪ್ಪಿನ ಪೊರೆಯನ್ನು ಆಗಾಗ ಸಿಹಿನೀರಿನಿಂದ ತೊಳೆಯಬೇಕು. ಒಣಬಟ್ಟೆಯಿಂದ ಉಜ್ಜಿದರೆ ಅದರಲ್ಲಿರುವ ಮರಳು ಗಾಜನ್ನು ಗೀರುತ್ತದೆ. ಬ್ಯಾಟರಿಯ ಬಗ್ಗೆ ದೂರಿಲ್ಲ.

ಬೆಳಕಿನ ಬಗ್ಗೆ ಒಂದು ಮಾತು. ಪಶ್ಚಿಮಕ್ಕೆ ಮುಖಮಾಡಿದ ಫಲಕದ ಮೇಲೆ ಸಂಜೆಯ ಬಿಸಿಲು ನೇರವಾಗಿ ಬಿದ್ದಾಗ ಅಂಕಿಗಳು ಕಾಣುವುದೇ ಇಲ್ಲ. ಮೇಲ್ಗಡೆ ಚಾಚಿದ ಸಣ್ಣ ಸೂರು ಇಳಿಬಿಸಿಲಿಗೆ ಅಡ್ಡ ಬರುವುದಿಲ್ಲ. ರಾತ್ರಿ ಬೆಳಕು ತಾನಾಗಿ ತಗ್ಗುವ ವ್ಯವಸ್ಥೆ ಚೆನ್ನಾಗಿದೆ. ಕಡಲಾಮೆಗಳು ಮೊಟ್ಟೆಯಿಡುವ ತೀರವಾದರೆ ಫಲಕದ ಬೆಳಕು ಮರಳಿನ ಕಡೆಗೆ ಬೀಳದಂತೆಯೂ ಬಣ್ಣ ಬಿಳಿಯಾಗಿರದಂತೆಯೂ ನೋಡಿಕೊಳ್ಳಬೇಕು, ಏಕೆಂದರೆ ಮೊಟ್ಟೆಯೊಡೆದು ಬಂದ ಮರಿಗಳು ಕೃತಕ ಬೆಳಕನ್ನು ಕಂಡು ಸಮುದ್ರದ ದಿಕ್ಕನ್ನು ತಪ್ಪುತ್ತವೆ. ಕೆಂಪು ಮತ್ತು ಕಿತ್ತಳೆ ಬಣ್ಣಗಳು ಅವುಗಳಿಗೆ ಕಡಿಮೆ ತೊಂದರೆ ಕೊಡುತ್ತವೆ.

ಇದೇ ಹಣಕ್ಕೆ ರಬ್ಬರ್ ಹಂಪುಗಳನ್ನು ಹಾಕಿಸಬಹುದಿತ್ತಲ್ಲ ಎನ್ನುವವರಿಗೆ ಉತ್ತರ ಹೇಳಲೇಬೇಕು. ತುಂಡುತುಂಡಾಗಿ ಬರುವ, ಬೋಲ್ಟಿನಿಂದ ರಸ್ತೆಗೆ ಬಿಗಿಯುವ ಆ ಕಿರಿದಾದ ಹಂಪುಗಳನ್ನು ನೆರೆಯ ಹಳ್ಳಿಯೊಂದರಲ್ಲಿ ನೋಡಿದ್ದೇನೆ: ಅಡಿಯಲ್ಲಿ ಮರಳು ಸೇರಿ, ಬೋಲ್ಟು ಸಡಿಲಗೊಂಡು, ಖಾಲಿ ಟ್ರೇಲರು ಹಾದಾಗಲೆಲ್ಲ ಮನೆಯೊಳಗೆ ಮಲಗಿದವರು ಎದ್ದು ಕೂರುವಷ್ಟು ಸದ್ದು. ಕಿರಿದಾದ ಉಬ್ಬಿನ ದೊಡ್ಡ ಕೊರತೆ ಬೇರೆಯೇ ಇದೆ. ಅತಿವೇಗದಲ್ಲಿ ಹಾರಿಸಿದರೆ ಚಕ್ರ ಮತ್ತು ಸ್ಪ್ರಿಂಗುಗಳೇ ಹೊಡೆತವನ್ನು ನುಂಗಿಬಿಡುವುದರಿಂದ ಒಳಗಿರುವವರಿಗೆ ನಿಧಾನವಾಗಿ ದಾಟುವಾಗಿನದಕ್ಕಿಂತ ಕಡಿಮೆ ಕುಲುಕಾಟ ಆಗಬಹುದು. ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಸುಮಾರು 3.7 ಮೀಟರ್ ಉದ್ದದ, ಕಮಾನಿನಂತೆ ಮೆಲ್ಲಗೆ ಏರಿ ಇಳಿಯುವ ಉಬ್ಬು ಇದಕ್ಕೆ ಪರಿಹಾರ. ಅದರಲ್ಲಿ ವೇಗ ಹೆಚ್ಚಿದಂತೆ ಕುಲುಕಾಟವೂ ಹೆಚ್ಚುತ್ತದೆ. ನಾವು ಕೊನೆಗೆ ಆರಿಸಿದ್ದು ಅದರದೇ ಜಾತಿಯ, ಮೇಲ್ಭಾಗ ಸಮತಟ್ಟಾದ, ಪಾದಚಾರಿಗಳು ಮೆಟ್ಟಿಲಿಳಿಯದೆ ನೇರವಾಗಿ ದಾಟಬಹುದಾದ ಎತ್ತರಿಸಿದ ದಾಟುಪಟ್ಟಿಯನ್ನು. ಮಳೆನೀರು ಹರಿದುಹೋಗಲು ಅಂಚಿನಲ್ಲಿ ಕಂಡಿ ಬಿಡದಿದ್ದರೆ ಅಲ್ಲೊಂದು ಹೊಂಡವೇ ಆಗುತ್ತದೆ ಎಂಬುದನ್ನು ಗುತ್ತಿಗೆದಾರರಿಗೆ ಬರೆದೇ ಕೊಡಬೇಕು. ಈ ದಾಟುಪಟ್ಟಿ ಬಂದ ಮೇಲೆ ಬೆಳಗಿನ ಹೊತ್ತಿನ ವೇಗ ಇಳಿದದ್ದೂ, ಇಳಿದು ಹಾಗೆಯೇ ಉಳಿದದ್ದೂ ನಮಗೆ ಖಚಿತವಾಗಿ ಗೊತ್ತಾದದ್ದು ಇದೇ ಫಲಕದ ದಾಖಲೆಯಿಂದ.

ಹೀಗಾಗಿ, ಫಲಕವೊಂದನ್ನೇ ನೆಟ್ಟು ಕೈತೊಳೆದುಕೊಳ್ಳುವ ಉದ್ದೇಶವಿದ್ದವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ರಸ್ತೆಯ ಆಕಾರವನ್ನೇ ತಿದ್ದಲು ಸಿದ್ಧರಿರುವ, ಎಲ್ಲಿ ತಿದ್ದಬೇಕೆಂದು ತಿಳಿಯಬಯಸುವ ಹಳ್ಳಿಗಳು ಇದನ್ನು ಕೊಳ್ಳಲಿ. ನಾಲ್ಕಾರು ಹಳ್ಳಿಗಳು ಸೇರಿ ಒಂದನ್ನೇ ಸರದಿಯಲ್ಲಿ ಬಳಸಿದರೂ ಸಾಕು. ಹಣ ಕೊಡುವ ಮುನ್ನ ಒಂದು ವಿಷಯವನ್ನು ಲಿಖಿತವಾಗಿ ಪಡೆದುಕೊಳ್ಳಬೇಕು. ದಾಖಲೆಯನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ತೆರೆಯಬಹುದಾದ ಕೋಷ್ಟಕವಾಗಿ ಇಳಿಸಿಕೊಳ್ಳಲು ಪ್ರತ್ಯೇಕ ಚಂದಾ ಬೇಕೇ ಎಂಬುದು ಆ ವಿಷಯ. ನಮಗೆ ಮಾರಿದವರು ಮೊದಲ ವರ್ಷದ ನಂತರ ಅದಕ್ಕೆ ಶುಲ್ಕವಿದೆಯೆಂದು ಆಮೇಲೆ ತಿಳಿಸಿದರು. ವಾದ ಮಾಡಿದ ಮೇಲೆ, ಕಂಬದ ಬಳಿಯೇ ನಿಂತು ಬ್ಲೂಟೂತ್ ಮೂಲಕ ಉಚಿತವಾಗಿ ಇಳಿಸಿಕೊಳ್ಳುವ ದಾರಿಯೂ ಇದೆಯೆಂದು ಒಪ್ಪಿಕೊಂಡರು.